ಎರಡು ಬೆಳಕು, ಒಂದು ಬಣ್ಣ

ನಮ್ಮ ಹತ್ತರಗಿಯ ಕಡೆ ಮದುವೆಮನೆಗಳ ಹಳೆಯ ಆಲ್ಬಮ್ಮುಗಳನ್ನು ತೆರೆದರೆ ಒಂದು ವಿಚಿತ್ರವನ್ನು ಕಾಣುತ್ತೇವೆ. ಮುಂದೆ ನಿಂತ ಮದುಮಗಳ ಮುಖವೇನೋ ಸಹಜವಾಗಿದೆ. ಹಿಂದಿನ ಸುಣ್ಣದ ಗೋಡೆ ಮಾತ್ರ ಕಿತ್ತಳೆಯ ಬಣ್ಣಕ್ಕೆ ತಿರುಗಿದೆ. ಒಂದೇ ಕೋಣೆಯಲ್ಲಿ ಎರಡು ಬಗೆಯ ಬೆಳಕು ಕೂಡಿದುದರ ಫಲವಿದು.

ಹುಕ್ಕೇರಿಯ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಸ್ಥಾಪನೆಯಾದದ್ದು 1969ರಲ್ಲಿ. ಆಗ ಮನೆಯ ದೀಪವೆಂದರೆ ಬಹುಮಟ್ಟಿಗೆ ತಂತಿ ಕಾದು ಬೆಳಗುವ ಬಲ್ಬು. ಬೆಳಕಿನ ಬಣ್ಣವನ್ನು ಕೆಲ್ವಿನ್ ಎಂಬ ಮಾನದಿಂದ ಅಳೆಯುವರು. ಅಂಕಿ ಇಳಿದಷ್ಟೂ ಕೆಂಪು, ಏರಿದಷ್ಟೂ ನೀಲಿ. ಬಲ್ಬಿನ ಬೆಳಕು ಸುಮಾರು 2800. ಹಗಲಿನದೂ ಫ್ಲ್ಯಾಶಿನದೂ ಸುಮಾರು 5500. ನಮ್ಮ ಕಣ್ಣು ಈ ಅಂತರಕ್ಕೆ ಬೇಗನೆ ಹೊಂದಿಕೊಳ್ಳುತ್ತದೆ. ಹಗಲಿಗೆಂದು ಸಿದ್ಧವಾದ ಫಿಲ್ಮಿಗೆ ಆ ದಾಕ್ಷಿಣ್ಯವಿಲ್ಲ.

ಮುದ್ರಿಸುವಾಗ ತಿದ್ದಬಾರದೇ ಎಂದು ನೀವು ಕೇಳಬಹುದು. ಇಡೀ ಚಿತ್ರಕ್ಕೆ ಒಂದೇ ಬೆಳಕಿದ್ದರೆ ತಕ್ಕಮಟ್ಟಿಗೆ ತಿದ್ದಬಹುದು. ಎರಡಿದ್ದರೆ ಗೋಡೆ ಬೆಳ್ಳಗಾಗುವಷ್ಟರಲ್ಲಿ ಮುಖ ನೀಲಿಗಟ್ಟುತ್ತದೆ.

ಆದುದರಿಂದ ಮೊದಲು ಬೆಳಕುಗಳನ್ನೇ ಒಂದುಗೂಡಿಸಬೇಕು. ಫ್ಲ್ಯಾಶಿನ ಮುಖಕ್ಕೆ ಕಿತ್ತಳೆ ಬಣ್ಣದ ಪಾರದರ್ಶಕ ಹಾಳೆ ಕಟ್ಟಿದರೆ ಅದರ ಬೆಳಕು 3200ರ ಸಮೀಪಕ್ಕೆ ಇಳಿದು ಬಲ್ಬಿಗೆ ನೆಂಟನಾಗುತ್ತದೆ. ಅನಂತರ 3200ಕ್ಕೆಂದೇ ಮಾಡಿದ ಟಂಗ್‌ಸ್ಟನ್ ಫಿಲ್ಮನ್ನು ಬಳಸಬೇಕು. ಇಲ್ಲವೇ ಹಗಲಿನ ಫಿಲ್ಮನ್ನೇ ಇಟ್ಟುಕೊಂಡು ಮಸೂರಕ್ಕೆ 80ಎ ಎಂಬ ನೀಲಿ ಫಿಲ್ಟರ್ ಹಾಕಬೇಕು. ಈ ಫಿಲ್ಟರ್ ಬೆಳಕಿನ ಕಾಲುಭಾಗವನ್ನಷ್ಟೇ ಒಳಬಿಡುತ್ತದೆ. 400ರ ಫಿಲ್ಮು 100ರದರಂತೆ ವರ್ತಿಸುತ್ತದೆ.

ಬಣ್ಣ ಕೂಡಿದ ಮೇಲೆ ಪ್ರಮಾಣವೂ ಕೂಡಬೇಕು. ಫ್ಲ್ಯಾಶು ಕಣ್ಣು ಮಿಟುಕಿಸುವ ಮೊದಲೇ ಮುಗಿಯುವುದರಿಂದ ಅದನ್ನು ಮಸೂರದ ರಂಧ್ರ ಹಿಡಿತದಲ್ಲಿಡುತ್ತದೆ. ಬಲ್ಬು ಸದಾ ಉರಿಯುವುದರಿಂದ ಷಟರ್ ತೆರೆದಿರುವ ಕಾಲವೂ ಅದಕ್ಕೆ ಮುಖ್ಯ. ಸೆಕೆಂಡಿನ 1/60ರ ಬದಲು 1/15 ಭಾಗ ತೆರೆದರೆ ಗೋಡೆಗೆ ನಾಲ್ಕು ಪಟ್ಟು ಬೆಳಕು ದೊರೆಯುತ್ತದೆ; ಫ್ಲ್ಯಾಶಿನ ಪಾಲು ಹೆಚ್ಚುವುದಿಲ್ಲ. ಕೈ ನಡುಗದಂತೆ ಕ್ಯಾಮರಾಕ್ಕೆ ಆಧಾರವೊಂದು ಬೇಕು.

ಇಷ್ಟಾದರೂ 2800ರ ಬಲ್ಬಿನ ಸುತ್ತ ನಸುಗೆಂಪು ಉಳಿಯುತ್ತದೆ. ಅದನ್ನು ನಾನು ದೋಷವೆನ್ನಲಾರೆ. ರಾತ್ರಿಯ ಮನೆ ರಾತ್ರಿಯ ಮನೆಯಂತೆಯೇ ಕಾಣಬೇಕಷ್ಟೆ.

ಇಂದು ಎಲ್.ಇ.ಡಿ. ದೀಪಗಳು ಬಂದಿವೆ, ಕೆಲವು ಬಲ್ಬಿನಂತೆ ಕೆಂಪು, ಕೆಲವು ಹಗಲಿನಂತೆ ಬಿಳಿ. ಫಿಲ್ಮು ಹಿಡಿದ ಇಂದಿನ ತರುಣರು ಮೊದಲು ದೀಪದ ಡಬ್ಬಿಯ ಮೇಲಿನ ಅಂಕಿಯನ್ನು ಓದಲಿ. ಗೋಕಾಕದ ಮರದ ಮಾವಿನಹಣ್ಣಿನ ಬಣ್ಣ ಚಿತ್ರದಲ್ಲಿ ಕೆಟ್ಟರೆ ಹಣ್ಣನ್ನೇ ಪಕ್ಕದಲ್ಲಿಟ್ಟು ಹೋಲಿಸಬಹುದು. ಅಗಲಿದ ಅಜ್ಜಿಯ ಮುಖದ ಬಣ್ಣಕ್ಕೆ ಆ ಚಿತ್ರವಲ್ಲದೆ ಬೇರೆ ಸಾಕ್ಷಿಯಿಲ್ಲ.