ಹನ್ನೆರಡು ಮೆಟ್ಟಿನ ಗಿಟಾರು

ಗಿಟಾರಿನ ತಂತಿಯು ಮೇರುವಿನಿಂದ ಕುದುರೆಯವರೆಗೆ ಎಷ್ಟು ನೀಳವಾಗಿರುವುದೋ ಅದರ ನಟ್ಟನಡುವೆ ಹನ್ನೆರಡನೆಯ ಮೆಟ್ಟು ನಿಲ್ಲುತ್ತದೆ. ಅಲ್ಲಿ ಬೆರಳೊತ್ತಿ ಮೀಟಿದರೆ ಬಿಡಿತಂತಿಯ ಸ್ವರವೇ ಒಂದು ಸ್ಥಾಯಿ ಮೇಲೇರಿ ಕೇಳಿಬರುತ್ತದೆ. ದಂಡಿಯು ಒಡಲನ್ನು ಕೂಡುವ ಸಂಧಿಯೂ ಇದೇ ಮೆಟ್ಟಿನ ಬಳಿ ಬರುವಂತೆ ರಚಿಸಿದ ವಾದ್ಯವೇ ಹನ್ನೆರಡು ಮೆಟ್ಟಿನ ಗಿಟಾರು. ಒಟ್ಟು ಮೆಟ್ಟುಗಳೇ ಹನ್ನೆರಡೆಂದು ಭ್ರಮಿಸಬಾರದು. ಸಂಧಿಯಿಂದಾಚೆ ಒಡಲ ಮೇಲೆಯೂ ಇನ್ನಷ್ಟು ಮೆಟ್ಟುಗಳುಂಟು, ಕೈಗೆ ನಿಲುಕುವುದಷ್ಟೆ ಪ್ರಯಾಸ.

ಹತ್ತೊಂಬತ್ತನೆಯ ಶತಮಾನದಲ್ಲಿ ಇದೇ ವಾಡಿಕೆಯ ರಚನೆ. ಸ್ಯಾಕ್ಸನಿಯಿಂದ ೧೮೩೩ರಲ್ಲಿ ನ್ಯೂಯಾರ್ಕಿಗೆ ವಲಸೆ ಬಂದು, ಕೆಲವು ವರ್ಷಗಳ ತರುವಾಯ ಪೆನ್ಸಿಲ್ವೇನಿಯದ ನಜರೆತ್ ಪ್ರಾಂತದಲ್ಲಿ ನೆಲೆನಿಂತ ಸಿ. ಎಫ್. ಮಾರ್ಟಿನ್ನನ ಕಾರ್ಯಾಗಾರವೂ ಬಹುಕಾಲ ಇದನ್ನೇ ಅನುಸರಿಸಿತು. ೧೯೨೯ರಲ್ಲಿ ಪೆರಿ ಬೆಕ್ಟೆಲ್ ಎಂಬ ಬ್ಯಾಂಜೊ ವಾದಕನು, ಬ್ಯಾಂಜೊವಿನ ಉದ್ದನೆಯ ದಂಡಿಗೆ ಒಗ್ಗಿದ ತನ್ನ ಕೈಗೆ ಗಿಟಾರಿನಲ್ಲಿಯೂ ಅಂಥದೇ ಅವಕಾಶ ಬೇಕೆಂದು ಕೇಳಲಾಗಿ, ಅಲ್ಲಿಯವರು ಒಡಲಿನ ಭುಜವನ್ನು ಒತ್ತರಿಸಿ ಸಂಧಿಯನ್ನು ಹದಿನಾಲ್ಕನೆಯ ಮೆಟ್ಟಿಗೆ ಜರುಗಿಸಿದರು. ಐದಾರು ವರ್ಷಗಳೊಳಗೆ ಹೊಸ ರೂಢಿಯೇ ನಿಯಮವಾಯಿತು. ವಾದಕರಿಗೆ ಎರಡು ಮೆಟ್ಟು ಸುಲಭವಾಗಿ ದೊರೆತುದು ನಿಜ. ಆದರೆ ಆ ಲಾಭ ಪುಕ್ಕಟೆಯದಲ್ಲವೆಂದೇ ನನ್ನೆಣಿಕೆ.

ತಂತಿಯು ತಾನೊಂದೇ ಹೆಚ್ಚು ಸದ್ದು ಮಾಡಲಾರದು. ಅದರ ಕಂಪನವು ಕುದುರೆಯ ಮೂಲಕ ಇಳಿದು ತೆಳ್ಳನೆಯ ನಾದಫಲಕವನ್ನು ಅಲುಗಿಸಿದಾಗಲೇ ಗಾಳಿಯಲ್ಲಿ ನಾದ ಹುಟ್ಟುವುದು. ಆ ಫಲಕವಾದರೋ ಅಂಟಿಸಿದ ಅಂಚಿನ ಬಳಿ ಬಿಗಿ, ನಡುವಿನಲ್ಲಿ ಸಡಿಲ. ತಂತಿಯ ಉದ್ದ ೬೪೫ ಮಿ.ಮೀ. ಎಂದಿಟ್ಟುಕೊಂಡರೆ ಹನ್ನೆರಡನೆಯ ಮೆಟ್ಟಿನಿಂದ ಕುದುರೆಗೆ ೩೨೨.೫ ಮಿ.ಮೀ., ಹದಿನಾಲ್ಕನೆಯದರಿಂದ ಸುಮಾರು ೨೮೭. ಎಂದರೆ, ಒಡಲು ಒಂದೇ ಅಳತೆಯದಾದ ಪಕ್ಷದಲ್ಲಿ, ಹನ್ನೆರಡರ ಸಂಧಿಯುಳ್ಳ ವಾದ್ಯದ ಕುದುರೆಯು ನಾದರಂಧ್ರದಿಂದ ೩೫ ಮಿ.ಮೀ. ಹಿಂದೆ ಸರಿದು ಕೆಳಗಿನ ವಿಶಾಲಭಾಗದ ಮಧ್ಯವನ್ನು ಸಮೀಪಿಸುತ್ತದೆ. ಇದರ ಮಂದ್ರಸ್ವರಗಳ ತುಂಬುತನಕ್ಕೆ ಇದೇ ಮುಖ್ಯ ಕಾರಣವೆಂಬುದು ಕುಶಲಕರ್ಮಿಗಳ ಸಾಮಾನ್ಯ ಮತ.

ಹಾಗೆಂದು ಹದಿನಾಲ್ಕರ ನಕ್ಷೆಯಲ್ಲಿ ಕುದುರೆಯೊಂದನ್ನೇ ಸರಿಸಿದರೆ ಸಾಲದು. ಫಲಕದ ಒಳಮೈಯಲ್ಲಿ ಗುಣಾಕಾರಚಿಹ್ನೆಯ ಆಕೃತಿಯಲ್ಲಿ ಹಾಯುವ ಎರಡು ಆಧಾರಪಟ್ಟಿಗಳನ್ನೂ ಅದಕ್ಕನುಗುಣವಾಗಿ ಹಿಂದೆ ತರಬೇಕು. ಆರು ಉಕ್ಕಿನ ತಂತಿಗಳ ಒಟ್ಟು ಸೆಳೆತ ಸುಮಾರು ೭೦ ಕಿಲೋಗ್ರಾಂ. ಅದನ್ನು ತಡೆಯುವ ಸ್ಪ್ರೂಸ್ ಮರದ ಹಲಗೆ ಮೂರು ಮಿ.ಮೀ. ದಪ್ಪವೂ ಇರದು. ಪಟ್ಟಿಗಳು ದಪ್ಪವಾದರೆ ನಾದ ಮೂಕವಾಗುತ್ತದೆ. ಅತಿಯಾಗಿ ಕೆತ್ತಿದರೆ ಫಲಕವು ಕುದುರೆಯ ಹಿಂದೆ ಉಬ್ಬಿ, ಮುಂದೆ ಕುಸಿಯುತ್ತದೆ.

ಪಾರ್ಶ್ವಗಳಿಗೂ ಬೆನ್ನಿಗೂ ಮೊದಲು ಬ್ರೆಜಿಲಿನ ರೋಸ್‌ವುಡ್ ಪ್ರಶಸ್ತವೆನಿಸಿದ್ದಿತು. ಅದು ದುರ್ಲಭವಾಗಲು ಮಾರ್ಟಿನ್ ಸಂಸ್ಥೆಯು ೧೯೬೯ರಲ್ಲಿ ಭಾರತದ ರೋಸ್‌ವುಡ್ಡಿಗೆ, ಎಂದರೆ ನಮ್ಮ ಮಲೆನಾಡು ಕೊಡಗುಗಳ ಕಾಡಿನಲ್ಲಿಯೂ ಬೆಳೆಯುವ ಬೀಟೆಗೆ, ಶರಣುಹೋಯಿತು. ಎರಡು ಮಿ.ಮೀ. ದಪ್ಪಕ್ಕೆ ಇಳಿಸಿದ ಬೀಟೆಯ ಹಲಗೆಯನ್ನು ನೀರಿನಲ್ಲಿ ತೋಯಿಸಿ, ಕಾದ ಲೋಹದ ಕೊಳವೆಗೆ ಒತ್ತಿ ಬಾಗಿಸುತ್ತಾರೆ.

ಮೆಟ್ಟುಗಳ ವಿಭಜನೆಯಲ್ಲಿ ಒಂದು ವಿನೋದವುಂಟು. ವಿಜ್ಞಾನಿ ಗೆಲಿಲಿಯೋವಿನ ತಂದೆ ವಿನ್ಸೆಂಜೊ ಗೆಲಿಲೈ ೧೫೮೧ರ ಗ್ರಂಥದಲ್ಲಿ ಹೇಳಿದ ಲೆಕ್ಕದಂತೆ, ಉಳಿದ ತಂತಿಯ ಹದಿನೆಂಟರಲ್ಲೊಂದು ಪಾಲಿಗೆ ಒಂದೊಂದು ಮೆಟ್ಟನ್ನು ಇಡುತ್ತ ಹೋದರೆ, ೬೪೫ ಮಿ.ಮೀ. ತಂತಿಯಲ್ಲಿ ಹನ್ನೆರಡನೆಯದು ನಡುವನ್ನು ಮುಟ್ಟದೆ ಎರಡು ಮಿ.ಮೀ.ಗೂ ಮಿಕ್ಕು ಹಿಂದುಳಿಯುತ್ತದೆ. ಆದರೆ ಬೆರಳೊತ್ತಿದೊಡನೆ ತಂತಿ ಬಿಗಿದು ಸ್ವರ ತುಸು ಏರುವುದರಿಂದ ಹಳೆಯ ಲೆಕ್ಕದ ಕೊರತೆಯು ಕಿವಿಗೆ ಒಂದಿಷ್ಟು ಉಪಕಾರವನ್ನೇ ಮಾಡುತ್ತಿತ್ತು! ಈಗ ೧೭.೮೧೭ ಎಂಬ ಭಾಜಕದಿಂದ ನಿಖರವಾಗಿ ಭಾಗಿಸಿ, ಕುದುರೆಯ ಮೇಲಿನ ಮೂಳೆಪಟ್ಟಿಯನ್ನು ಮಾತ್ರ ಕೊಂಚ ಹಿಂದಕ್ಕೆ, ದಪ್ಪ ತಂತಿಗಳ ಕಡೆ ಇನ್ನೂ ಹಿಂದಕ್ಕೆ, ಓರೆಯಾಗಿ ಕೂರಿಸುವರು.

ಕಡೆಗೆ ಉಳಿಯುವುದು ದಂಡಿಯ ಜೋಡಣೆ. ಕೈಚಳಕದ ನಿಜವಾದ ಪರೀಕ್ಷೆ ಇಲ್ಲಿ. ಸಂಧಿಯಿಂದ ಕುದುರೆ ದೂರವಾದಷ್ಟೂ ಕೋನದ ತಪ್ಪು ಅಲ್ಲಿ ಬೆಳೆದು ತೋರುತ್ತದೆ: ಒಂದು ಡಿಗ್ರಿಯ ವ್ಯತ್ಯಾಸಕ್ಕೆ ಹದಿನಾಲ್ಕರ ವಾದ್ಯದಲ್ಲಿ ಐದು ಮಿ.ಮೀ. ಏರಿಳಿತವಾದರೆ, ಇದರಲ್ಲಿ ಐದೂವರೆಗೂ ಹೆಚ್ಚು. ಆದಕಾರಣ ಬೆಸುಗೆಯ ಮರದ ನಾಲಗೆಗೆ ಸೀಮೆಸುಣ್ಣ ಬಳಿದು, ಗೂಡಿಗೆ ಸೇರಿಸಿ ತೆಗೆದು, ಗುರುತು ಬಿದ್ದ ಕಡೆ ಉಳಿಯಿಂದ ಹೆರೆದು, ಮೆಟ್ಟುಗಳ ಮೇಲಿಟ್ಟ ನೇರಪಟ್ಟಿಯ ತುದಿಯು ಕುದುರೆಯ ನೆತ್ತಿಯನ್ನು ಸವರುವವರೆಗೆ ಇದನ್ನೇ ಪುನಃಪುನಃ ಮಾಡಿ, ಅನಂತರವೇ ಅಂಟು ಹಾಕತಕ್ಕದ್ದು. ಆ ಅಂಟು ಪ್ರಾಣಿಚರ್ಮದಿಂದ ಕಾಸಿದುದಾದರೆ ಲೇಸು. ದಶಕಗಳ ಸೆಳೆತಕ್ಕೆ ಕೋನ ಬದಲಾದ ದಂಡಿಯನ್ನು ಹಬೆ ಹಾಯಿಸಿ ಬಿಡಿಸಿ, ಮತ್ತೆ ಹೆರೆದು ಕೂಡಿಸಲು ಅದು ಅವಕಾಶಕೊಡುತ್ತದೆ.