ಸಹನೆ ಕಲಿತ ಕೋಶಗಳು, ಸಹನೆ ತಪ್ಪಿದ ಇಲಿಗಳು

ಕಂದು ಇಲಿಯ ಮೈಮೇಲೆ ಬಿಳಿ ಕೂದಲಿನ ಒಂದು ತೇಪೆ. 1953ರಲ್ಲಿ ಲಂಡನ್ನಿನ ಬಿಲ್ಲಿಂಗ್‌ಹ್ಯಾಮ್, ಬ್ರೆಂಟ್, ಮೆಡಾವರ್ ತೋರಿಸಿದ್ದು ಇದನ್ನು. ಬೇರೆ ತಳಿಯ ಚರ್ಮವನ್ನು ಕಸಿ ಮಾಡಿದರೆ ಸಾಮಾನ್ಯವಾಗಿ ಎರಡು ವಾರದೊಳಗೆ ಒಣಗಿ ಉದುರಿಹೋಗುತ್ತದೆ. ಈ ಇಲಿ ತಾಯಿಯ ಹೊಟ್ಟೆಯಲ್ಲಿದ್ದಾಗಲೇ ಅದಕ್ಕೆ ಬಿಳಿ ತಳಿಯ ಜೀವಕೋಶಗಳನ್ನು ಚುಚ್ಚಿದ್ದರು. ದೊಡ್ಡದಾದ ಮೇಲೆ ಅದು ಬಿಳಿ ಚರ್ಮವನ್ನು ತನ್ನದೆಂದೇ ಒಪ್ಪಿಕೊಂಡಿತು. ಇದೇ ಪ್ರಯೋಗದ ಇನ್ನೊಂದು ಭಾಗವನ್ನು ನೆನೆಯುವವರು ಕಡಿಮೆ. ಬಿಳಿ ಚರ್ಮವನ್ನು ಆಗಲೇ ತಿರಸ್ಕರಿಸಿದ್ದ ಮತ್ತೊಂದು ಕಂದು ಇಲಿಯ ದುಗ್ಧಗ್ರಂಥಿಯ ಕೋಶಗಳನ್ನು ಇದಕ್ಕೆ ಕೊಟ್ಟಾಗ, ನೆಮ್ಮದಿಯಾಗಿದ್ದ ಆ ತೇಪೆ ನಾಶವಾಯಿತು. ಅಂದರೆ ದೇಹದ ಸಹನೆ ಕಲಿತು ಬರುವಂಥದ್ದು. ಬಂದದ್ದು ಉಳಿದೇ ಉಳಿಯುತ್ತದೆಂಬ ಖಾತರಿಯೂ ಇಲ್ಲ.

ಈ ಕಲಿಕೆ ಎಳವೆಯಲ್ಲೇ ಮುಗಿದುಹೋಗುತ್ತದೆ ಎಂಬ ವಾದ ಬಹುಕಾಲ ಗಟ್ಟಿಯಾಗಿ ನಿಂತಿತ್ತು. ಎದೆಗೂಡಿನೊಳಗಿನ ಥೈಮಸ್ ಗ್ರಂಥಿಯಲ್ಲಿ ದೇಹದ ರಕ್ಷಣಾ ವ್ಯವಸ್ಥೆಯ ಟಿ ಕೋಶಗಳು ಬಲಿಯುತ್ತವೆ. ಸ್ವಂತ ಅಂಗಾಂಶದ ಮೇಲೆ ಬಲವಾಗಿ ಎರಗುವಂಥವನ್ನು ಅಲ್ಲೇ ಸಾಯಿಸಲಾಗುತ್ತದೆ. ಇದು ನಿಜ, ಆದರೆ ಅರ್ಧ ನಿಜ. ಆ ಜರಡಿಯಿಂದ ಜಾರಿ ಹೊರಬರುವ ಕೋಶಗಳು ಆರೋಗ್ಯವಂತ ಪ್ರಾಣಿಗಳಲ್ಲೂ ಇರುತ್ತವೆ. ಜಪಾನಿನ ಶಿಮೊನ್ ಸಕಾಗುಚಿ 1995ರಲ್ಲಿ ಇಲಿಯ ಟಿ ಕೋಶಗಳಿಂದ ಒಂದು ಚಿಕ್ಕ ಗುಂಪನ್ನು ತೆಗೆದು, ಉಳಿದವನ್ನು ಟಿ ಕೋಶಗಳೇ ಇಲ್ಲದ ಇಲಿಗಳಿಗೆ ಕೊಟ್ಟರು. ಅವುಗಳ ಥೈರಾಯ್ಡ್, ಜಠರ ಮುಂತಾದ ಅಂಗಗಳ ಮೇಲೆ ಅವೇ ಕೋಶಗಳು ದಾಳಿಯಿಟ್ಟವು. ತೆಗೆದ ಗುಂಪನ್ನು ಮರಳಿ ಸೇರಿಸಿದಾಗ ಕಾಯಿಲೆ ಬರಲಿಲ್ಲ. ಆ ಗುಂಪಿನವೇ ನಿಯಂತ್ರಕ ಟಿ ಕೋಶಗಳು; ಅವಕ್ಕೆ ಫಾಕ್ಸ್‌ಪಿ3 ಎಂಬ ಜೀನ್ ಬೇಕೇ ಬೇಕು. ಅದನ್ನು 2001ರಲ್ಲಿ ಪತ್ತೆಮಾಡಿದ ಮೇರಿ ಬ್ರಂಕೋ ಮತ್ತು ಫ್ರೆಡ್ ರಾಮ್ಸ್‌ಡೆಲ್, ಸಕಾಗುಚಿಯವರೊಂದಿಗೆ 2025ರ ನೊಬೆಲ್ ಹಂಚಿಕೊಂಡರು. ನನಗೆ ಇವೆಲ್ಲಕ್ಕಿಂತ ನಿರ್ಣಾಯಕವಾಗಿ ಕಾಣುವುದು 2007ರ ಫಲಿತಾಂಶ. ಥೈಮಸ್‌ನ ಪಾಠವೆಲ್ಲ ಮುಗಿದಿದ್ದ, ಪೂರ್ತಿ ಬೆಳೆದ ಆರೋಗ್ಯವಂತ ಇಲಿಗಳಲ್ಲಿ ನಿಯಂತ್ರಕ ಕೋಶಗಳನ್ನು ಮಾತ್ರ ಕೊಂದಾಗ, ಕೆಲವೇ ವಾರಗಳಲ್ಲಿ ಆ ಇಲಿಗಳು ತಮ್ಮದೇ ರಕ್ಷಣಾ ವ್ಯವಸ್ಥೆಯ ದಾಳಿಗೆ ಸಿಕ್ಕಿ ಸತ್ತವು. ಸಹನೆಯನ್ನು ದೇಹ ದಿನದಿನವೂ ಕಾಯ್ದುಕೊಳ್ಳಬೇಕು.

ಹಾಗಿದ್ದರೆ ಈ ಕಾವಲು ಕೋಶಗಳು ಬದುಕುಳಿಯುವುದು ಹೇಗೆ? ಬೆಂಗಳೂರಿನ ಜಿಕೆವಿಕೆ ಆವರಣದ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಅಪೂರ್ವ ಸರಿನ್ ಅವರ ತಂಡ ಈ ಪ್ರಶ್ನೆಯನ್ನೇ ಹಿಡಿದು ಕೂತಿತು. ಪೋಷಕ ಸಂಕೇತಗಳು ನಿಂತರೆ ಟಿ ಕೋಶಗಳು ಸಾಮಾನ್ಯವಾಗಿ ಸಾಯುತ್ತವೆ. ಇಲಿಯ ನಿಯಂತ್ರಕ ಕೋಶಗಳು ತಡೆದುಕೊಳ್ಳುತ್ತವೆ. ಆ ತಾಳಿಕೆಯ ಹಿಂದೆ ನಾಚ್ ಎಂಬ ಪ್ರೋಟೀನ್ ಇದೆಯೆಂದೂ, ಅದು ಎಂದಿನಂತೆ ಕೋಶಕೇಂದ್ರದೊಳಗೆ ಹೋಗದೆ ಹೊರಗಿದ್ದುಕೊಂಡೇ ಕೆಲಸ ಮಾಡುತ್ತದೆಂದೂ 2012ರಲ್ಲಿ ಅವರು ತೋರಿಸಿದರು.

ಇಲಿಯ ವಿಷಯ ಇಲಿಗಾಯಿತು, ಮನುಷ್ಯನಿಗೇನು ಎಂಬ ಆಕ್ಷೇಪ ಹಗುರದ್ದಲ್ಲ. ಪ್ರಯೋಗಾಲಯದ ಇಲಿಗಳಲ್ಲಿ ನಿಯಂತ್ರಕ ಕೋಶಗಳನ್ನು ಹೆಚ್ಚಿಸುವ ಬಗೆಯ ಔಷಧವೊಂದನ್ನು 2006ರಲ್ಲಿ ಲಂಡನ್ನಿನಲ್ಲಿ ಆರು ಆರೋಗ್ಯವಂತರಿಗೆ ಕೊಟ್ಟಾಗ, ಆರೂ ಮಂದಿ ತೀವ್ರ ಉರಿಯೂತದಿಂದ ತುರ್ತು ನಿಗಾ ಘಟಕ ಸೇರಿದರು. ಆದರೆ ತಪ್ಪು ಇಲಿಯದೋ, ಅದರ ಗೂಡಿನದೋ? ಅಮೆರಿಕದ ವಿಜ್ಞಾನಿಗಳು ಪ್ರಯೋಗಾಲಯದ ಇಲಿಯ ಭ್ರೂಣಗಳನ್ನು ಕಾಡು ಇಲಿಗಳ ಗರ್ಭದಲ್ಲಿ ಬೆಳೆಸಿದರು. ಮರಿಗಳದು ಅದೇ ಜೀನ್, ಮೈಯೊಳಗಿನ ಸೂಕ್ಷ್ಮಜೀವಿಗಳು ಮಾತ್ರ ಕಾಡಿನವು. 2019ರಲ್ಲಿ ಪ್ರಕಟವಾದ ಅವರ ಫಲಿತಾಂಶದಂತೆ, ಅದೇ ಬಗೆಯ ಔಷಧಕ್ಕೆ ಈ ಇಲಿಗಳಲ್ಲಿ ನಿಯಂತ್ರಕ ಕೋಶಗಳು ಹೆಚ್ಚಲಿಲ್ಲ, ಉರಿಯೂತ ಹೆಚ್ಚಿತು. ಮನುಷ್ಯರಲ್ಲಿ ಆದದ್ದೂ ಅದೇ. ಹೀಗಾಗಿ ಇಲಿಯನ್ನು ಕೈಬಿಡುವುದಲ್ಲ, ಅದರ ಪರಿಸರವನ್ನೂ ಪ್ರಯೋಗದ ಲೆಕ್ಕಕ್ಕೆ ತರುವುದು ಸರಿಯಾದ ದಾರಿ. ಅಂಥ ಪರಿಸರ ನಮ್ಮಲ್ಲೇ ಇದೆ: ಕೊಡಗಿನ ಹಿರಿಯರ ಐನ್‌ಮನೆಯ ಭತ್ತದ ಕಣಜದಲ್ಲಿ, ತೋಟದ ಕೂಲಿಕಾರರ ಲೈನ್‌ಮನೆಯ ಮಾಡಿನ ಸಂದಿಯಲ್ಲಿ ಬದುಕುವ ಇಲಿ ಮಣ್ಣು, ಸಗಣಿ, ಹುಳು, ಮಳೆಗಾಲದ ಬೂಷ್ಟು ಎಲ್ಲದರ ಜೊತೆ ಏಗುತ್ತದೆ. ತೋಟದ ಜನ ಮೆಟ್ಟಿ ನಡೆಯುವುದೂ ಅದೇ ಮಣ್ಣನ್ನು. ಸೋಸಿದ ಗಾಳಿಯ ಪಂಜರದಲ್ಲಿ ಬೆಳೆದ ಇಲಿಗಿಂತ ನಮ್ಮ ಟಿ ಕೋಶಗಳ ಸ್ಥಿತಿಯನ್ನು ಅದು ಹೆಚ್ಚು ಪ್ರಾಮಾಣಿಕವಾಗಿ ಹೇಳೀತು. ಬೆಂಗಳೂರಿನ ಪ್ರಯೋಗಾಲಯಗಳಿಂದ ಮಡಿಕೇರಿಗೆ ಅರ್ಧ ದಿನದ ಹಾದಿ; ಅಂಥ ಅಧ್ಯಯನಕ್ಕೆ ಕೊಡಗಿಗಿಂತ ಅನುಕೂಲದ ಜಾಗ ಹುಡುಕುವುದು ಕಷ್ಟ.