ತಲೆ ಕೂರದ ರೋಬೋಟ್ ಕಲಿಸಿದ ಪಾಠ

ಕಳೆದ ರಜೆಯಲ್ಲಿ ನಮ್ಮ ಮನೆಯ ಜಗಲಿ ಒಂದು ಸಣ್ಣ ವರ್ಕ್‌ಶಾಪ್ ಆಗಿತ್ತು. ಪರೀಕ್ಷೆ ಮುಗಿಸಿದ ಮಗನಿಗೆ ದುಬೈಯ ಮಾಮನಿಂದ ಒಂದು ಪಾರ್ಸೆಲ್ ಬಂದಿತ್ತು. ಅಬುಧಾಬಿಯಲ್ಲಿ ನಡೆಯುವ ಮಿಡಲ್ ಈಸ್ಟ್ ಫಿಲ್ಮ್ ಅಂಡ್ ಕಾಮಿಕ್ ಕಾನ್ ಮೇಳಕ್ಕೆ ಹೋಗಿದ್ದ ಮಾಮ, ಅಲ್ಲಿ ಸಿನೆಮಾ ರೋಬೋಟ್‌ಗಳ ಮಾದರಿಗಳನ್ನು ನೋಡಿ ಮರುಳಾಗಿ, ಆಮೇಲೆ ಆನ್‌ಲೈನ್‌ನಲ್ಲಿ ಹುಡುಕಿ, ಕಡಿಮೆ ರೇಟಿಗೆ ಸಿಕ್ಕಿದ ಒಂದನ್ನು ಕಳಿಸಿದ್ದರು.

ಡಬ್ಬಿ ತೆರೆದರೆ ರೋಬೋಟ್ ಇಲ್ಲ! ಬೂದು ಬಣ್ಣದ ಇಪ್ಪತ್ತಕ್ಕೂ ಮಿಕ್ಕ ತುಂಡುಗಳು, ಒಂದು ಪಾರದರ್ಶಕ ಪ್ಲಾಸ್ಟಿಕ್ ಬುರುಡೆ, ಮಸುಕಾದ ಒಂದು ಫೋಟೋ. ಅಷ್ಟೇ. "ಎಂತ ಮೋನೆ ಇದು, ದಾರಿಯಲ್ಲೇ ಒಡೆದು ಹೋಗಿದಾ?" ಅಂತ ಉಮ್ಮ ಕೇಳಿದರು. ಒಡೆದದ್ದಲ್ಲ, ಇದು ಬರುವುದೇ ಹೀಗೆ. ರೆಸಿನ್ ಕಿಟ್ ಅಂದರೆ ಅರ್ಧ ಕೆಲಸ ಮಾಡಿದವ ಕೊಟ್ಟದ್ದು, ಉಳಿದರ್ಧ ಕೊಂಡವ ಮಾಡಬೇಕಾದ್ದು.

ಯಾರು ಈ ರೋಬಿ?

ಬಂದದ್ದು ರೋಬಿ. 1956ರಲ್ಲಿ ಎಂಜಿಎಂ ಕಂಪೆನಿ ತೆಗೆದ 'ಫರ್ಬಿಡನ್ ಪ್ಲಾನೆಟ್' ಸಿನೆಮಾದ ರೋಬೋಟ್. ಸುಮಾರು ಏಳು ಅಡಿ ಎತ್ತರ, ಗುಂಡು ಗುಂಡಾದ ಕಾಲು, ಗಾಜಿನ ಗುಮ್ಮಟದಂತಹ ತಲೆ, ಅದರೊಳಗೆ ತಿರುಗುವ ಯಂತ್ರಗಳು. ಮಾತಾಡುವಾಗ ಬಾಯಿಯ ಜಾಗದಲ್ಲಿ ನೀಲಿ ಬೆಳಕು. ಒಳಗೆ ಒಬ್ಬ ಮನುಷ್ಯ ನಿಂತು ನಡೆಸುತ್ತಿದ್ದ ವೇಷ ಅದು. ನಮ್ಮ ಮಕ್ಕಳು ರಜನಿಕಾಂತರ 'ಎಂದಿರನ್' (2010) ನೋಡಿ ಚಿಟ್ಟಿಯನ್ನು ಇಷ್ಟಪಟ್ಟ ಹಾಗೆಯೇ ಆ ಕಾಲದ ಅಮೆರಿಕದ ಮಕ್ಕಳು ರೋಬಿಗೆ ಮನಸೋತಿದ್ದರು.

ರೋಬಿಯ ರೂಪದ ಹಿಂದೆ ಹಲವರ ಕೈ ಉಂಟು. ಅವುಗಳಲ್ಲಿ ಮುಖ್ಯವಾದ ಕೈ ರಾಬರ್ಟ್ ಕಿನೋಶಿತ ಅವರದ್ದು. ಜಪಾನಿ ಮೂಲದ ಕುಟುಂಬದಲ್ಲಿ 1914ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಹುಟ್ಟಿದವರು, ವಾಸ್ತುಶಿಲ್ಪ ಓದಿದವರು. ಎರಡನೇ ಮಹಾಯುದ್ಧ ಬಂತು. ಹುಟ್ಟಿ ಬೆಳೆದ ದೇಶವೇ ಅವರನ್ನು ಜಪಾನಿ ಮುಖದವರೆಂಬ ಕಾರಣಕ್ಕೆ ಅರಿಝೋನದ ಪೋಸ್ಟನ್ ಶಿಬಿರಕ್ಕೆ ಕಳಿಸಿತು. ಅಲ್ಲಿಂದ ಹೊರಬಂದ ಮೇಲೆ ಅವರು ಕಲಿತದ್ದು ಪ್ಲಾಸ್ಟಿಕ್ ಕೆಲಸ. ಸೇನೆಗೆ ವಾಷಿಂಗ್ ಮೆಷಿನ್ ವಿನ್ಯಾಸ ಮಾಡಿದರು. ರೋಬಿಯ ದುಂಡು ಹೊಟ್ಟೆಯನ್ನು ಒಮ್ಮೆ ನೋಡಿ, ವಾಷಿಂಗ್ ಮೆಷಿನ್ ನೆನಪಾಗದಿದ್ದರೆ ಹೇಳಿ!

ರೋಬಿಯ ನಕ್ಷೆ ಬರೆದು, ಮರ ಮತ್ತು ಪ್ಲಾಸ್ಟಿಕ್‌ನಲ್ಲಿ ಸಣ್ಣ ಮಾದರಿ ಮಾಡಿ ತೋರಿಸಿದವರು ಕಿನೋಶಿತ. ಆದರೆ ಸಿನೆಮಾದ ಹೆಸರುಗಳ ಪಟ್ಟಿಯಲ್ಲಿ ಅವರ ಹೆಸರು ಇರಲಿಲ್ಲ. ಅವರು ತೀರಿಕೊಂಡದ್ದು 2014ರಲ್ಲಿ, ನೂರು ವರ್ಷ ತುಂಬಿದ ಮೇಲೆ. ಮೂರು ವರ್ಷ ಕಳೆದು, 2017ರಲ್ಲಿ, ಮೂಲ ರೋಬಿ ತನ್ನ ಜೀಪಿನ ಜೊತೆ ನ್ಯೂಯಾರ್ಕ್‌ನಲ್ಲಿ ಹರಾಜಾಯಿತು. ಬೆಲೆ 53 ಲಕ್ಷ 75 ಸಾವಿರ ಡಾಲರ್.

ಜಗಲಿಯ ಕೆಲಸ

ಕಿಟ್ ಕೆಲಸ ಶುರುವಾಗುವುದು ಬಣ್ಣದಿಂದಲ್ಲ, ಸ್ನಾನದಿಂದ. ಸಿಲಿಕೋನ್ ಅಚ್ಚಿನಲ್ಲಿ ಎರಡು ದ್ರವ ಬೆರೆಸಿ ಹೊಯ್ದು ಗಟ್ಟಿ ಮಾಡಿದ ತುಂಡುಗಳಿವು. ಅಚ್ಚಿನಿಂದ ಸಲೀಸಾಗಿ ಬಿಡಲು ಹಚ್ಚಿದ ಎಣ್ಣೆಯಂತಹ ಪಸೆ ಮೇಲೆ ಉಳಿದಿರುತ್ತದೆ. ಪಾತ್ರೆ ತೊಳೆಯುವ ಲಿಕ್ವಿಡ್, ಉಗುರು ಬೆಚ್ಚಗಿನ ನೀರು, ಹಳೇ ಟೂತ್‌ಬ್ರಶ್ ಹಿಡಿದು ತಿಕ್ಕದಿದ್ದರೆ ಮುಂದೆ ಬಣ್ಣ ಚಿಪ್ಪಿನ ಹಾಗೆ ಎದ್ದು ಬರುತ್ತದೆ. ಬಾಗಿದ ತುಂಡನ್ನು ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಮೆತ್ತಗಾಗುತ್ತದೆ. ನೇರ ಮಾಡಿ ತಣ್ಣೀರಿಗೆ ಹಾಕಿದರೆ ಹಾಗೆಯೇ ನಿಲ್ಲುತ್ತದೆ.

ಆಮೇಲೆ ಗರಗಸದಿಂದ ಹೆಚ್ಚುವರಿ ಭಾಗ ಕತ್ತರಿಸುವುದು, ಅಚ್ಚಿನ ಗೆರೆ ಉಜ್ಜಿ ತೆಗೆಯುವುದು. ಮೊದಲ ದಿನ ಮಗ ಒಳಗಿನ ಕೋಣೆಯಲ್ಲೇ ಕೂತು ಒಣ ಪಾಲಿಶ್ ಪೇಪರ್‌ನಲ್ಲಿ ಉಜ್ಜಿದ. ಬಿಳಿ ಪುಡಿ ಗಾಳಿಯಲ್ಲಿ ಹಾರಿತು. ದಮ್ಮಿನ ತೊಂದರೆ ಇರುವ ಉಮ್ಮನಿಗೆ ಆ ರಾತ್ರಿ ಇನ್‌ಹೇಲರ್ ಎರಡು ಸಲ ಬೇಕಾಯಿತು. ತಪ್ಪು ನಮ್ಮದು. ಹವ್ಯಾಸ ಅಂತ ಸದರ ಮಾಡಿದೆವು, ವಿಚಾರಿಸಿಕೊಳ್ಳಲಿಲ್ಲ. ರೆಸಿನ್ ಪುಡಿ ಬಹಳ ಸಣ್ಣದು, ಶ್ವಾಸಕೋಶದ ಒಳಕ್ಕೆ ಇಳಿಯುತ್ತದೆ. ಮಾರನೇ ದಿನದಿಂದ ಕೆಲಸ ಜಗಲಿಗೆ ಬಂತು, ಎನ್-95 ಮಾಸ್ಕ್ ಬಂತು, ಉಜ್ಜುವುದೆಲ್ಲ ನೀರಿನಲ್ಲಿ ಅದ್ದಿ ಅದ್ದಿ. ಮೊದಲು 400, ಆಮೇಲೆ 600, ಕೊನೆಗೆ 1000 ನಂಬರಿನ ಪೇಪರ್. ಮನೆಯಲ್ಲಿ ಮಕ್ಕಳು ಇಂತಹ ಕೆಲಸಕ್ಕೆ ಕೈ ಹಾಕಿದರೆ ದಯವಿಟ್ಟು ಇದೊಂದನ್ನು ನೆನಪಿಡಿ. ದ್ರವ ರೂಪದ ರೆಸಿನ್ ಆದರೆ ಇನ್ನೂ ಜಾಗ್ರತೆ ಬೇಕು; ಗ್ಲೌಸ್ ಇಲ್ಲದೆ ಮುಟ್ಟಲೇಬಾರದು.

ತಲೆ ಕೂರಲಿಲ್ಲ

ತುಂಡುಗಳನ್ನು ಜೋಡಿಸಿದ್ದು ಫೆವಿಕ್ವಿಕ್‌ನಲ್ಲಿ. ಮಾಮೂಲಿ ಪ್ಲಾಸ್ಟಿಕ್ ಮಾದರಿಯ ಅಂಟು ರೆಸಿನ್‌ಗೆ ಹಿಡಿಯುವುದಿಲ್ಲ. ಭಾರ ಬೀಳುವ ಕಾಲು, ತೋಳಿನ ಸಂದುಗಳಿಗೆ ತೂತು ಕೊರೆದು ಒಳಗೆ ಹಿತ್ತಾಳೆ ಕಡ್ಡಿ ಕೂರಿಸಿದೆವು. ಎಲ್ಲ ಸರಿಯಾಯಿತು, ಕೊನೆಗೆ ಪಾರದರ್ಶಕ ತಲೆ ಇಟ್ಟರೆ ಕೂರುವುದಿಲ್ಲ. ಸುತ್ತಲೂ ಕುತ್ತಿಗೆಯ ಪಟ್ಟಿಯಿಂದ ಹೊರಗೆ ಚಾಚಿಕೊಂಡಿದೆ.

ಯಾಕೆ ಅಂತ ಹುಡುಕಿದಾಗ ಗೊತ್ತಾಯಿತು, ನಮ್ಮದು ಕದ್ದ ಮಾಲು. ಯಾರೋ ಒಬ್ಬ ಶಿಲ್ಪಿ ತಿಂಗಳುಗಟ್ಟಲೆ ಕೂತು ಮೂಲ ಮಾದರಿ ಕೆತ್ತಿರುತ್ತಾನೆ. ಒಂದು ಅಚ್ಚಿನಿಂದ ಸಾವಿರಗಟ್ಟಲೆ ತೆಗೆಯಲು ಆಗುವುದಿಲ್ಲ, ಕೆಲವು ಹತ್ತಾರು ತೆಗೆಯುವಷ್ಟರಲ್ಲಿ ಸಿಲಿಕೋನ್ ಹರಿಯುತ್ತದೆ. ಹಾಗಾಗಿಯೇ ಬೆಲೆ ಜಾಸ್ತಿ. ಇನ್ನೊಬ್ಬ ಅದರಲ್ಲಿ ಒಂದನ್ನು ಕೊಂಡು, ಅದರ ಮೇಲೆಯೇ ಹೊಸ ಅಚ್ಚು ತೆಗೆದು, ಅರ್ಧ ರೇಟಿಗೆ ಮಾರುತ್ತಾನೆ. ಇದಕ್ಕೆ ರೀಕಾಸ್ಟ್ ಅನ್ನುತ್ತಾರೆ. ರೆಸಿನ್ ಗಟ್ಟಿಯಾಗುವಾಗ ಕೂದಲೆಳೆಯಷ್ಟು ಕುಗ್ಗುತ್ತದೆ. ನಕಲಿನ ನಕಲು ತೆಗೆದಷ್ಟೂ ಮತ್ತಷ್ಟು ಕುಗ್ಗುತ್ತದೆ. ಪಾರದರ್ಶಕ ತಲೆಯನ್ನು ಮಾತ್ರ ಬೇರೆ ವಿಧಾನದಲ್ಲಿ ಮಾಡುವುದರಿಂದ ಅದು ಮೂಲ ಅಳತೆಯಲ್ಲೇ ಉಳಿದಿತ್ತು. ಕಳ್ಳತನ ಬಯಲಾದದ್ದು ಹಾಗೆ!

ಮಾಮ ಮಾರಾಟಗಾರನಿಗೆ ಮೆಸೇಜ್ ಹಾಕಿ, "ಇದನ್ನು ಮೂಲದಲ್ಲಿ ಮಾಡಿದವರು ಯಾರು?" ಅಂತ ಕೇಳಿದರು. ಉತ್ತರ ಬರಲಿಲ್ಲ.

ಬೇರೆ ದಾರಿಯೂ ಉಂಟು. ಇಂತಹ ಕಿಟ್‌ಗಳಿಗೆ ದೊಡ್ಡ ನೆಲೆ ಜಪಾನ್. 1980ರ ದಶಕದಲ್ಲಿ ಅಲ್ಲಿನ ಹುಡುಗರು ದೊಡ್ಡ ಕಂಪೆನಿಗಳು ಮಾಡದ ಮಾದರಿಗಳನ್ನು ಮನೆಯಲ್ಲೇ ಮಾಡಿ ಮಾರಲು ಶುರು ಮಾಡಿದರು. 'ಗ್ಯಾರೇಜ್ ಕಿಟ್' ಎಂಬ ಹೆಸರು ಬಂದದ್ದು ಹಾಗೆ. ಅಲ್ಲಿನ ವಂಡರ್ ಫೆಸ್ಟಿವಲ್ ಮೇಳದಲ್ಲಿ 'ಒಂದು ದಿನದ ಹಕ್ಕು' ಎಂಬ ಪದ್ಧತಿ ಉಂಟು. ಮಾದರಿ ಮಾಡಿದವ ಸಿನೆಮಾದ ಅಥವಾ ಕತೆಯ ಮಾಲೀಕರಿಗೆ ರಾಯಲ್ಟಿ ಕೊಟ್ಟು, ಆ ಒಂದು ದಿನ, ಆ ಜಾಗದಲ್ಲಿ ಮಾತ್ರ ಮಾರಲು ಅನುಮತಿ ಪಡೆಯುತ್ತಾನೆ. ಸಣ್ಣವನಿಗೂ ವ್ಯಾಪಾರ, ಮಾಲೀಕನಿಗೂ ಅವನ ಪಾಲು. ತಲೆಮಾರುಗಳಿಂದ ವ್ಯಾಪಾರ ಮಾಡಿ ಬದುಕಿದ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇನ್ನೊಬ್ಬರ ಹಕ್ಕು ತಿಂದ ಮಾಲು ಎಷ್ಟು ಅಗ್ಗವಾದರೂ ಅಗ್ಗವಲ್ಲ.

ನೀಲಿ ಬೆಳಕು

ಮಗ ಎರಡು ದಿನ ಅದನ್ನು ಮುಟ್ಟಲಿಲ್ಲ. "ಬಿಸಾಡುವಾ ಉಪ್ಪಾ" ಅಂದ. ಬಿಸಾಡಿದರೆ ಆ ಶಿಲ್ಪಿಗೆ ಏನೂ ಸಿಗುವುದಿಲ್ಲ, ನಿನಗೂ ಏನೂ ಬರುವುದಿಲ್ಲ, ಮುಗಿಸು ಅಂದೆವು. ಎಂ-ಸೀಲ್ ಕಲಸಿ ಕುತ್ತಿಗೆಯ ಸುತ್ತ ಪಟ್ಟಿ ಕಟ್ಟಿದ, ಒಣಗಿದ ಮೇಲೆ ಉಜ್ಜಿದ, ಮತ್ತೆ ಕಟ್ಟಿದ. ನಾಲ್ಕನೇ ಸಲಕ್ಕೆ ತಲೆ ಕೂತಿತು. ಗುಳ್ಳೆಯ ತೂತುಗಳನ್ನು ಒಂದೊಂದಾಗಿ ತುಂಬಿದ. ಪ್ರೈಮರ್ ಮೇಲೆ ಹೊಳೆಯುವ ಕಪ್ಪು, ಅದರ ಮೇಲೆ ತೆಳುವಾಗಿ ಲೋಹದ ಬಣ್ಣ. ಕಪ್ಪು ಅಡಿಯಲ್ಲಿದ್ದರೆ ಲೋಹ ಲೋಹದ ಹಾಗೆಯೇ ಕಾಣುತ್ತದೆ.

ಬಾಯಿಯ ಜಾಗ ಗಟ್ಟಿ ರೆಸಿನ್. ಅದನ್ನು ಕೊರೆದು ನೀಲಿ ಎಲ್‌ಇಡಿ ಇಟ್ಟದ್ದು ಮಗನ ಸ್ವಂತ ಯೋಚನೆ. ಪೇಟೆಯ ಮೊಬೈಲ್ ರಿಪೇರಿ ಅಂಗಡಿಯ ಹುಡುಗ ಕೂದಲಿನಂತಹ ವೈರ್ ಸೋಲ್ಡರ್ ಮಾಡಿಕೊಟ್ಟ, ಹಣ ಬೇಡ ಅಂದ. ಮೂರು ವೋಲ್ಟಿನ ಬಟನ್ ಸೆಲ್ ಹಾಕಿ ಸ್ವಿಚ್ ಒತ್ತಿದಾಗ ಉಮ್ಮ ಕನ್ನಡಕ ಸರಿ ಮಾಡಿಕೊಂಡು ಹತ್ತಿರ ಬಂದರು. "ಈಗ ಇವ ಉಸಿರಾಡ್ತಾನೆ, ನನ್ನ ಉಸಿರು ತೆಗೆದದ್ದು ಸಾಕಲ್ವಾ" ಅಂತ ನಕ್ಕರು.

ಮುಂದಿನ ಕಿಟ್‌ಗೆ ಮಗ ಹಣ ಕೂಡಿಡುತ್ತಿದ್ದಾನೆ. ಈ ಸಲ ಮಾಡಿದವರಿಂದಲೇ ಕೊಳ್ಳುವುದಂತೆ, ಒಂದು ವರ್ಷ ಆದರೂ ಪರವಾಗಿಲ್ಲವಂತೆ.

ಮೊನ್ನೆ ಧೂಳು ಒರೆಸಲು ರೋಬಿಯನ್ನು ಎತ್ತಿದಾಗ ಅಡಿ ಹಲಗೆಯಲ್ಲಿ ಪೆನ್ನಿನ ಬರಹ ಕಂಡಿತು. 'ವಿನ್ಯಾಸ: ರಾಬರ್ಟ್ ಕಿನೋಶಿತ ಮತ್ತು ಸಂಗಡಿಗರು'. ಅದರ ಕೆಳಗೆ 'ಮಾದರಿ ಕೆತ್ತಿದವರು:' ಅಂತ ಬರೆದು, ಮುಂದಿನ ಜಾಗ ಖಾಲಿ ಬಿಟ್ಟಿದ್ದಾನೆ.